ಫೈಲು ಕಪಾಟಿನಲ್ಲಿ, ನೀವು ಊರಿನಲ್ಲಿ



ಈ ಸರಣಿಯ ಹಿಂದಿನ ಲೇಖನದಲ್ಲಿ ಉಪ್ಪಿನ ಬಗ್ಗೆ ಬರೆದಿದ್ದೆ. ಓದಿದ ಇಬ್ಬರು ಫೋನ್ ಮಾಡಿ ಉಪ್ಪಿನಕಾಯಿ ಬಿಟ್ಟೆವು ಎಂದರು. ಇನ್ನೊಬ್ಬರು ಡಾಕ್ಟ್ರೇ, ಬೇರೆ ಏನು ಬೇಕಾದರೂ ಹೇಳಿ, ಅದನ್ನು ಮಾತ್ರ ಕೇಳಬೇಡಿ ಎಂದರು. ಹಾಗಾಗಿ ಇವತ್ತು ಊಟದ ಮಾತು ಬೇಡ. ಈಗ ನಿಮ್ಮ ಕೈಯಲ್ಲಿರುವ, ಈ ಲೇಖನ ಬಂದಿರುವ ಫೋನಿನ ಬಗ್ಗೆ ಮಾತಾಡೋಣ.

ಮೊದಲು ಒಂದು ಪ್ರಶ್ನೆ. ನಿಮ್ಮದೋ ನಿಮ್ಮ ತಂದೆ ತಾಯಿಯದೋ ಕೊನೆಯ ಇಸಿಜಿ ಈ ಕ್ಷಣ ಎಲ್ಲಿದೆ? ಒಂದು ನಿಮಿಷದೊಳಗೆ ಅದನ್ನು ಒಬ್ಬ ವೈದ್ಯರಿಗೆ ತೋರಿಸಬಲ್ಲಿರಾ?

ಹೌದು ಎನ್ನುವವರು ಇದನ್ನು ಮುಂದಿನವರಿಗೆ ಕಳಿಸಿ ಸುಮ್ಮನಿರಬಹುದು. ಇಲ್ಲ ಎನ್ನುವವರು ದಯವಿಟ್ಟು ಪೂರ್ತಿ ಓದಿ. ಎರಡು ಘಟನೆ ಹೇಳುತ್ತೇನೆ. ಒಂದರಲ್ಲಿ ತಪ್ಪು ಮನೆಯವರದು. ಇನ್ನೊಂದರಲ್ಲಿ ತಪ್ಪು ನನ್ನದು. ಇಬ್ಬರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರ ಬದಲಿಸಿ ಬರೆಯುತ್ತಿದ್ದೇನೆ.

*ಬೀಗ ಒಡೆದ ರಾತ್ರಿ*

ಅವರಿಗೆ ಅರವತ್ತೆರಡು ವರ್ಷ. ಹುಡುಗನಾಗಿದ್ದಾಗ ಊರು ಬಿಟ್ಟು ಮುಂಬಯಿಗೆ ಬಂದು, ಹೋಟೆಲಿನಲ್ಲಿ ದುಡಿದು, ಘಾಟ್ಕೋಪರಿನಲ್ಲಿ ಸ್ವಂತದ್ದೊಂದು ಸಣ್ಣ ಕ್ಯಾಂಟೀನು ಮಾಡಿಕೊಂಡವರು. ನಾಲ್ಕು ವರ್ಷದ ಹಿಂದೆ ಹೃದಯಾಘಾತವಾಗಿ ಸ್ಟೆಂಟ್ ಹಾಕಿತ್ತು. ಅಂದಿನಿಂದ ಅವರ ಇಸಿಜಿಯಲ್ಲಿ ಎಡ ಬಂಡಲ್ ಬ್ರಾಂಚ್ ಬ್ಲಾಕ್ ಎಂಬ ಬದಲಾವಣೆ ಉಳಿದುಬಿಟ್ಟಿತ್ತು. ಹೃದಯದ ಎಡಭಾಗಕ್ಕೆ ವಿದ್ಯುತ್ ಸಂಕೇತ ಹೋಗುವ ದಾರಿಯಲ್ಲಿ ತಡೆ ಎಂದು ಅದರ ಅರ್ಥ. ಇದು ಇದ್ದವರ ಇಸಿಜಿಯಲ್ಲಿ ಹೊಸ ಹೃದಯಾಘಾತವನ್ನು ಗುರುತಿಸುವುದು ಬಹಳ ಕಷ್ಟ. ಆಗ ವೈದ್ಯರು ಕೇಳುವ ಮೊದಲ ಪ್ರಶ್ನೆ ಒಂದೇ: ಹಳೆಯ ಇಸಿಜಿ ಇದೆಯಾ?

ಕಳೆದ ವರ್ಷ ಊರಿನಲ್ಲಿ ಕುಟುಂಬದ ದೈವದ ಕೋಲ. ಹೋಗದಿರಲು ಸಾಧ್ಯವೇ? ಕುರ್ಲಾ ಟರ್ಮಿನಸ್ಸಿನಲ್ಲಿ ಮತ್ಸ್ಯಗಂಧಾ ಹತ್ತಿದರು. ಅದಕ್ಕೆ ಮೂರು ವಾರ ಮೊದಲು ಹೊಟ್ಟೆಯ ಹುಣ್ಣಿನಿಂದ ರಕ್ತ ಹೋಗಿ ಇಲ್ಲಿ ಆಸ್ಪತ್ರೆಯಲ್ಲಿ ಮಲಗಿ ಎದ್ದಿದ್ದರು. ಬಟ್ಟೆ, ಫಲಾಹಾರ, ಮೊಮ್ಮಕ್ಕಳಿಗೆ ತಿಂಡಿ ಎಲ್ಲ ಚೀಲಕ್ಕೆ ಸೇರಿತು. ದಪ್ಪ ಹಸಿರು ಫೈಲು ಮಾತ್ರ ಗೋದ್ರೆಜ್ ಕಪಾಟಿನಲ್ಲಿ ಉಳಿಯಿತು. ಕಪಾಟಿನ ಕೀಲಿ ಹೆಂಡತಿಯ ಸೊಂಟದಲ್ಲಿ ಊರಿಗೆ ಹೋಯಿತು.

ಎರಡನೆಯ ರಾತ್ರಿ ಎದೆಯ ಕೆಳಭಾಗದಲ್ಲಿ ನೋವು, ಬೆವರು, ವಾಂತಿ. ಹತ್ತಿರದ ಆಸ್ಪತ್ರೆಯ ಯುವ ವೈದ್ಯರು ತಕ್ಷಣ ಇಸಿಜಿ ತೆಗೆದರು. ಬ್ಲಾಕ್ ಕಾಣಿಸಿತು. ಹಿಂದೆ ಹೃದಯಾಘಾತವಾದವರು, ಈಗ ನೋವು ಇದೆ, ಇಸಿಜಿ ಕೆಟ್ಟಿದೆ, ದೊಡ್ಡ ಆಸ್ಪತ್ರೆ ದೂರ. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದು ಕೊಡಬೇಕೇ ಬೇಡವೇ? ನಿಜವಾದ ಹೃದಯಾಘಾತಕ್ಕೆ ಅದು ಜೀವ ಉಳಿಸುವ ಮದ್ದು. ಮೂರು ವಾರದ ಹಿಂದೆ ಹೊಟ್ಟೆಯಲ್ಲಿ ರಕ್ತಸ್ರಾವವಾದವರಿಗೆ ಅದೇ ಮದ್ದು ಜೀವ ತೆಗೆಯಬಹುದು. ಹುಣ್ಣಿನ ವಿಷಯ ಆ ವೈದ್ಯರಿಗೆ ಗೊತ್ತಿರಲಿಲ್ಲ. ನೋವಿನಲ್ಲಿದ್ದವರು ಹೇಳಲಿಲ್ಲ. ಹೆಂಡತಿ, ಕೇಳಿದ್ದು ಹೃದಯದ ಬಗ್ಗೆಯಲ್ಲವೇ, ಹೊಟ್ಟೆಯ ವಿಷಯ ಯಾಕೆ ಎಂದುಕೊಂಡರು.

ಹಳೆಯ ಪೇಪರ್ ಇದೆಯಾ ಎಂದು ವೈದ್ಯರು ಕೇಳಿದಾಗ ಮುಂಬಯಿಯಲ್ಲಿದ್ದ ಮಗನಿಗೆ ಫೋನ್ ಹೋಯಿತು. ಮಗ ಹಿಂದೊಮ್ಮೆ ಎಲ್ಲ ಪೇಪರಿನ ಫೋಟೋ ತೆಗೆದಿದ್ದ. ಆದರೆ ಫೋನಿನ ಸ್ಟೋರೇಜ್ ತುಂಬಿತೆಂದು ಹಳೆಯ ಫೋಟೋಗಳನ್ನೆಲ್ಲ ಅಳಿಸಿದ್ದ. ದಿನಾ ಬೆಳಿಗ್ಗೆ ಬರುವ ಶುಭೋದಯದ ಹೂವುಗಳಿಗೆ ಜಾಗ ಇತ್ತು, ಅಪ್ಪನ ಇಸಿಜಿಗೆ ಇರಲಿಲ್ಲ. ಕೊನೆಗೆ ರಾತ್ರಿ ಎರಡು ಗಂಟೆಗೆ ಸುತ್ತಿಗೆಯಿಂದ ಕಪಾಟಿನ ಬೀಗ ಒಡೆದ. ಪಕ್ಕದ ಮನೆಯವರು ಕಳ್ಳ ಬಂದನೆಂದು ಓಡಿಬಂದರು. ಅವರೇ ಟಾರ್ಚ್ ಹಿಡಿದರು, ಇವನು ಒಂದೊಂದೇ ಹಾಳೆಯ ಫೋಟೋ ತೆಗೆದು ಊರಿಗೆ ಕಳಿಸಿದ. ನನಗೂ ಕಳಿಸಿ ಫೋನ್ ಮಾಡಿದ. ಆ ರಾತ್ರಿ ನಾನು ಫೋನ್ ಎತ್ತಿದ್ದು ಅದೃಷ್ಟ. ಎಲ್ಲ ರಾತ್ರಿಯೂ ಎತ್ತಲು ಆಗುವುದಿಲ್ಲ.

ಎರಡು ಇಸಿಜಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ವ್ಯತ್ಯಾಸವೇ ಇರಲಿಲ್ಲ. ಬ್ಲಾಕ್ ಹಳೆಯದು. ಹುಣ್ಣಿನ ಡಿಸ್ಚಾರ್ಜ್ ಪತ್ರ ಅಲ್ಲಿನ ವೈದ್ಯರ ಕೈ ಸೇರಿತು. ಚುಚ್ಚುಮದ್ದು ಬೇಡವೆಂದಾಯಿತು. ಹೃದಯದ ಸ್ನಾಯುವಿಗೆ ಹಾನಿಯಾಗಿದೆಯೇ ಎಂದು ತಿಳಿಸುವ ಟ್ರೋಪೋನಿನ್ ರಕ್ತಪರೀಕ್ಷೆಯನ್ನು ಎರಡು ಬಾರಿ ಮಾಡಿ, ರಾತ್ರಿಯಿಡೀ ನಿಗಾ ಇಟ್ಟರು. ಹೃದಯಕ್ಕೆ ಏನೂ ಆಗಿರಲಿಲ್ಲ, ನೋವು ಹುಣ್ಣಿನದೇ. ಅವರು ಈಗ ಚೆನ್ನಾಗಿದ್ದಾರೆ.

ಆ ವೈದ್ಯರನ್ನು ಅರ್ಧ ರಾತ್ರಿ ಕತ್ತಲಲ್ಲಿ ಇಟ್ಟದ್ದು ಒಂದು ಹಾಳೆ. ಹಾಳೆ ಇತ್ತು. ಇರಬೇಕಾದ ಜಾಗದಲ್ಲಿ ಇರಲಿಲ್ಲ.

*ನಮ್ಮಂಥವರಿಗೇ ಯಾಕೆ ಇದು ಹೆಚ್ಚು ಮುಖ್ಯ*

ಒಂದೇ ಊರಿನಲ್ಲಿ ಹುಟ್ಟಿ ಅಲ್ಲೇ ಬದುಕುವವರಿಗೆ ಒಬ್ಬ ಕುಟುಂಬ ವೈದ್ಯರಿರುತ್ತಾರೆ. ಅವರ ನೆನಪೇ ಫೈಲು. ನಮ್ಮದು ಹಾಗಲ್ಲ. ಬಿಪಿಗೆ ಘಾಟ್ಕೋಪರಿನ ಡಾಕ್ಟರು, ಮಂಡಿ ನೋವಿಗೆ ಊರಿನ ಡಾಕ್ಟರು, ಮಗಳ ಮನೆಗೆ ಪುಣೆಗೋ ಬೆಂಗಳೂರಿಗೋ ಹೋದಾಗ ಅಲ್ಲಿ ಇನ್ನೊಬ್ಬರು. ಕಲಬುರಗಿ, ವಿಜಯಪುರ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರಂತೂ ಕೆಲಸ ಮುಗಿದ ಹಾಗೆ ಬಿಡಾರ ಬದಲಿಸುತ್ತಾರೆ. ನಮ್ಮ ಆರೋಗ್ಯದ ಕತೆ ನಾಲ್ಕು ಊರಿನಲ್ಲಿ, ನಾಲ್ಕು ಪ್ಲಾಸ್ಟಿಕ್ ಚೀಲದಲ್ಲಿ ಹರಿದು ಹಂಚಿಹೋಗಿದೆ.

ಇದರ ಪರಿಣಾಮವನ್ನು ನಾನು ಕ್ಲಿನಿಕ್ಕಿನಲ್ಲಿ ದಿನಾ ನೋಡುತ್ತೇನೆ. ಒಂದೇ ಮದ್ದು ಇಲ್ಲಿ ಒಂದು ಹೆಸರಿನಲ್ಲಿ, ಊರಿನ ಮೆಡಿಕಲ್ಲಿನಲ್ಲಿ ಇನ್ನೊಂದು ಹೆಸರಿನಲ್ಲಿ ಸಿಗುತ್ತದೆ. ಎರಡೂ ಬೇರೆ ಎಂದುಕೊಂಡು ಎರಡನ್ನೂ ನುಂಗುವವರಿದ್ದಾರೆ. ಬಿಳಿ ಮಾತ್ರೆ, ಚಿಕ್ಕ ಮಾತ್ರೆ, ರಾತ್ರಿ ಮಾತ್ರೆ ಎಂದು ಹೇಳುವವರಿದ್ದಾರೆ. ಬಿಳಿ ಮಾತ್ರೆಗಳು ನೂರಾರು ಇವೆ.

ದೂರವನ್ನು ತಂತ್ರಜ್ಞಾನದಿಂದ ಗೆಲ್ಲುವ ಪ್ರಯತ್ನ ನಮ್ಮ ಕರ್ನಾಟಕಕ್ಕೆ ಹೊಸತಲ್ಲ. 2002ರಲ್ಲೇ ಇಸ್ರೋದ ಉಪಗ್ರಹ ಸಂಪರ್ಕದ ಮೂಲಕ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯನ್ನು ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಲಾಗಿತ್ತು. 2018ರಲ್ಲಿ ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಇನ್ನೂ ಸರಳವಾದ ದಾರಿ ಹಿಡಿದರು. ಹಳ್ಳಿಯ ವೈದ್ಯರನ್ನೂ ನಗರದ ತಜ್ಞರನ್ನೂ ವಾಟ್ಸಾಪ್ ಗುಂಪಿನಲ್ಲಿ ಸೇರಿಸಿದರು. ಗ್ರಾಮೀಣ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರ ತಲುಪಿಸಿದರು. ಹಳ್ಳಿಯಲ್ಲಿ ತೆಗೆದ ಇಸಿಜಿಯ ಫೋಟೋ ಗುಂಪಿಗೆ ಬಂದರೆ ತಜ್ಞರು ನೋಡಿ ಸಲಹೆ ಕೊಡುತ್ತಾರೆ. ಕರ್ನಾಟಕ ಸರ್ಕಾರದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯೂ ಇದೇ ತತ್ವದ್ದು. ತಾಲೂಕು ಮಟ್ಟದ ಆಸ್ಪತ್ರೆಯಲ್ಲಿ ಇಸಿಜಿ ತೆಗೆದು, ದೂರದ ತಜ್ಞರ ಸಲಹೆ ಪಡೆದು, ಬೇಕಾದವರಿಗೆ ಅಲ್ಲೇ ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಡುವುದು. ಪುನೀತ್ ತೀರಿಕೊಂಡಾಗ ಅವರಿಗೆ 46 ವರ್ಷ. ಹೆಚ್ಚುಕಡಿಮೆ ನನ್ನದೇ ವಯಸ್ಸು. ಆ ವಾರ ನನ್ನ ಕ್ಲಿನಿಕ್ಕಿಗೆ ಬಂದ ಕನ್ನಡದ ಹುಡುಗರ ಸಾಲು ಇನ್ನೂ ನೆನಪಿದೆ.

ಅಂದರೆ ಊರಿನಲ್ಲಿ ಈಗ ನಿಮ್ಮ ಇಸಿಜಿ ನೋಡುವ ಕಣ್ಣುಗಳಿವೆ. ಅವುಗಳ ಮುಂದೆ ಹೋಲಿಕೆಗೆ ಇಡಲು ನಿಮ್ಮ ಹಳೆಯ ಹಾಳೆ ಬೇಕು. ಅದನ್ನು ಕೊಂಡೊಯ್ಯಬಲ್ಲವರು ನೀವೊಬ್ಬರೇ.

*ಫೋನಿನಲ್ಲಿ ಇರಲೇಬೇಕಾದ ಏಳು ಸಂಗತಿಗಳು*

1. ಕೊನೆಯ ಬಾರಿ ಆಸ್ಪತ್ರೆಯಲ್ಲಿ ಮಲಗಿದ್ದಾಗಿನ ಡಿಸ್ಚಾರ್ಜ್ ಸಮರಿ. ಹೃದಯದ್ದು ಮಾತ್ರವಲ್ಲ, ಯಾವ ಕಾಯಿಲೆಯದಾದರೂ ಸರಿ.

2. ಆರಾಮಾಗಿದ್ದಾಗ ತೆಗೆದ ಒಂದು ಇಸಿಜಿ. ಗಮನಿಸಿ, ಇಸಿಜಿ ಮತ್ತು ಎಕೋದ ನುಣುಪು ಕಾಗದ ಶಾಖಕ್ಕೆ ಮಾಸುತ್ತದೆ. ಕೆಲವೇ ವರ್ಷಗಳಲ್ಲಿ ಗೆರೆಗಳು ಮಾಯವಾಗಬಹುದು. ತೆಗೆಸಿದ ದಿನವೇ ಒಂದು ಜೆರಾಕ್ಸ್ ಮಾಡಿಸಿ, ಒಂದು ಫೋಟೋ ತೆಗೆಯಿರಿ.

3. ಎಕೋ ವರದಿ. ಅದರಲ್ಲಿ ಇಎಫ್ ಎಂಬ ಶೇಕಡಾವಾರು ಸಂಖ್ಯೆ ಇರುತ್ತದೆ. ಹೃದಯ ಎಷ್ಟು ಬಲವಾಗಿ ರಕ್ತ ತಳ್ಳುತ್ತಿದೆ ಎಂದು ಅದು ಹೇಳುತ್ತದೆ. ನಿಮ್ಮ ಇಎಫ್ ಎಷ್ಟು ಎಂದು ನಿಮಗೇ ಗೊತ್ತಿರಲಿ.

4. ಆಂಜಿಯೋಗ್ರಾಂ ವರದಿ, ಸ್ಟೆಂಟ್ ಹಾಕಿದ್ದರೆ ಅದರ ಕಾರ್ಡ್. ಯಾವ ರಕ್ತನಾಳಕ್ಕೆ, ಯಾವ ದಿನ ಹಾಕಿದ್ದು ಎಂಬುದು ಬೇಕು.

5. ಈಗ ತೆಗೆದುಕೊಳ್ಳುತ್ತಿರುವ ಮದ್ದುಗಳ ಪಟ್ಟಿ. ಕಂಪನಿ ಇಟ್ಟ ಹೆಸರಿನ ಜೊತೆ ಸ್ಟ್ರಿಪ್ಪಿನ ಮೇಲೆ ಮುದ್ರಿಸಿರುವ ಮೂಲ ಔಷಧದ ಹೆಸರು, ಮಿಲಿಗ್ರಾಂ, ದಿನಕ್ಕೆ ಎಷ್ಟು ಸಲ. ಸುಲಭದ ದಾರಿ ಎಂದರೆ ಎಲ್ಲ ಸ್ಟ್ರಿಪ್ಪುಗಳನ್ನು ಮೇಜಿನ ಮೇಲೆ ಸಾಲಾಗಿಟ್ಟು ಒಂದು ಫೋಟೋ.

6. ಆಗದ ಮದ್ದು, ಹಿಂದೆ ರಕ್ತಸ್ರಾವವಾಗಿದ್ದರೆ ಅದು, ಪಾರ್ಶ್ವವಾಯು ಆಗಿದ್ದರೆ ಅದು, ಸಕ್ಕರೆ ಕಾಯಿಲೆ, ಮೂತ್ರಪಿಂಡದ ಕ್ರಿಯಾಟಿನಿನ್ ಪರೀಕ್ಷೆ. ಇವನ್ನು ನಾಲ್ಕು ಸಾಲಿನಲ್ಲಿ ಬರೆದಿಡಿ.

7. ನಿಮ್ಮ ವೈದ್ಯರ ಮತ್ತು ಮನೆಯ ಇಬ್ಬರ ಫೋನ್ ನಂಬರು.

ಫೋಟೋ ತೆಗೆಯುವಾಗ ಹಾಳೆಯನ್ನು ಮೇಜಿನ ಮೇಲೆ ಚಪ್ಪಟೆಯಾಗಿಟ್ಟು, ಹಗಲು ಬೆಳಕಿನಲ್ಲಿ, ನಾಲ್ಕೂ ಮೂಲೆ ಕಾಣುವಂತೆ ತೆಗೆಯಿರಿ. ಹೆಸರು ಮತ್ತು ದಿನಾಂಕ ಓದುವಂತಿರಬೇಕು. ದಿನಾಂಕವಿಲ್ಲದ ಇಸಿಜಿ ಅರ್ಧ ಇಸಿಜಿ. ಎಲ್ಲವನ್ನೂ ಒಂದೇ ಫೋಲ್ಡರಿನಲ್ಲಿ ಹಾಕಿ, ಅದಕ್ಕೆ ಅಪ್ಪ ಆರೋಗ್ಯ ಎಂದೋ ಅಮ್ಮ ಆರೋಗ್ಯ ಎಂದೋ ಹೆಸರಿಡಿ. ಮನೆಯ ಎರಡು ಫೋನಿನಲ್ಲಿ ಅದು ಇರಲಿ. ಪ್ರಯಾಣದ ಚೀಲದಲ್ಲಿ ಒಂದು ಜೆರಾಕ್ಸ್ ಸೆಟ್ ಇರಲಿ, ಯಾಕೆಂದರೆ ಕೊಂಕಣದ ಸುರಂಗಗಳಲ್ಲಿ ನೆಟ್‌ವರ್ಕ್ ಇರುವುದಿಲ್ಲ, ಫೋನಿನ ಬ್ಯಾಟರಿಯೂ ಕೈಕೊಡಬಹುದು. ಇನ್ನೊಂದು ವಿಷಯ. ಇಂದಿನ ಹೆಚ್ಚಿನ ಫೋನುಗಳಲ್ಲಿ ಬೀಗ ತೆರೆಯದೆಯೇ ಕಾಣುವ ತುರ್ತು ಮಾಹಿತಿ ಎಂಬ ಸೌಲಭ್ಯವಿದೆ. ರಕ್ತದ ಗುಂಪು, ಕಾಯಿಲೆ, ಮದ್ದು, ಮನೆಯವರ ನಂಬರು ಅಲ್ಲಿ ತುಂಬಿಸಿ. ದಾರಿಯಲ್ಲಿ ಬಿದ್ದವರನ್ನು ಎತ್ತಿದವರಿಗೆ ಅದು ಕಾಣುತ್ತದೆ.

ಪೇಪರ್ ಕಳೆದುಹೋಗಿದೆಯೇ? ಬೇಸರ ಬೇಡ. ಆಸ್ಪತ್ರೆಯಲ್ಲಿ ಒಳರೋಗಿಯಾಗಿದ್ದವರ ದಾಖಲೆಯನ್ನು ಚಿಕಿತ್ಸೆ ಆರಂಭವಾದ ದಿನದಿಂದ ಮೂರು ವರ್ಷ ಕಾಯ್ದಿಡಬೇಕು, ರೋಗಿಯಾಗಲಿ ಅವರ ಅಧಿಕೃತ ಪ್ರತಿನಿಧಿಯಾಗಲಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಎಂದು ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮಾವಳಿ ಹೇಳುತ್ತದೆ. ಒಂದು ಅರ್ಜಿ ಬರೆದು ಕೊಡಿ, ಸ್ವೀಕೃತಿ ಪಡೆಯಿರಿ. ಸಂಕೋಚ ಬೇಡ, ಅದು ನಿಮ್ಮ ದೇಹದ ಕತೆ.

*ಆಭಾ ಎಂದರೆ ಏನು, ಏನಲ್ಲ*

ಇತ್ತೀಚೆಗೆ ಆಸ್ಪತ್ರೆಗಳ ಕೌಂಟರಿನಲ್ಲಿ ಆಭಾ ನಂಬರ್ ಇದೆಯಾ ಎಂದು ಕೇಳುತ್ತಾರೆ. ಹಲವರು ಹೆದರಿ ಇಲ್ಲ ಎನ್ನುತ್ತಾರೆ. ಹೆದರುವಂಥದ್ದೇನೂ ಇಲ್ಲ.

ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ 2021ರ ಸೆಪ್ಟೆಂಬರ್ 27ರಂದು ದೇಶದಾದ್ಯಂತ ಶುರುವಾಯಿತು. ಆಭಾ ಅದರಡಿ ಸಿಗುವ 14 ಅಂಕಿಗಳ ಆರೋಗ್ಯ ಸಂಖ್ಯೆ. ಉಚಿತ. ಕಡ್ಡಾಯವಲ್ಲ. ಈ ವ್ಯವಸ್ಥೆಗೆ ಸೇರಿರುವ ಆಸ್ಪತ್ರೆಯಲ್ಲೋ ಲ್ಯಾಬಿನಲ್ಲೋ ನಿಮ್ಮ ಸಂಖ್ಯೆ ಕೊಟ್ಟರೆ ಅಲ್ಲಿನ ವರದಿಯನ್ನು ಅದಕ್ಕೆ ಜೋಡಿಸಬಹುದು. ವರದಿ ಅದೇ ಆಸ್ಪತ್ರೆಯಲ್ಲಿ ಉಳಿಯುತ್ತದೆ. ಇನ್ನೊಬ್ಬ ವೈದ್ಯರು ನೋಡಬೇಕಾದರೆ ನಿಮ್ಮ ಫೋನಿಗೆ ಕೋರಿಕೆ ಬರುತ್ತದೆ. ನೀವು ಒಪ್ಪಿದರೆ ಮಾತ್ರ, ಒಪ್ಪಿದಷ್ಟು ಕಾಲ ಮಾತ್ರ ಅವರಿಗೆ ಕಾಣುತ್ತದೆ. ಕೊಟ್ಟ ಒಪ್ಪಿಗೆಯನ್ನು ಹಿಂದೆಗೆದುಕೊಳ್ಳಲೂಬಹುದು. ಕೆಲವು ಆಸ್ಪತ್ರೆಗಳಲ್ಲಿ ಬಾಗಿಲಿನ ಬಳಿಯ ಕ್ಯೂಆರ್ ಕೋಡನ್ನು ಫೋನಿನಿಂದ ಸ್ಕ್ಯಾನ್ ಮಾಡಿದರೆ ಹೆಸರು ಬರೆಸುವ ಉದ್ದ ಸಾಲು ತಪ್ಪುತ್ತದೆ.

ಆಭಾ ವಿಮೆಯಲ್ಲ. ಐದು ಲಕ್ಷದವರೆಗಿನ ಚಿಕಿತ್ಸೆಗೆ ಇರುವ ಆಯುಷ್ಮಾನ್ ಕಾರ್ಡ್ ಬೇರೆ. 70 ದಾಟಿದ ಎಲ್ಲರಿಗೂ, ಆದಾಯ ಎಷ್ಟೇ ಇರಲಿ, ಆ ವಿಮೆಯನ್ನು 2024ರ ಅಕ್ಟೋಬರಿನಲ್ಲಿ ವಿಸ್ತರಿಸಿದ್ದಾರೆ. ಮನೆಯಲ್ಲಿ ಹಿರಿಯರಿದ್ದರೆ ಅದನ್ನೂ ವಿಚಾರಿಸಿ.

ಎಲ್ಲ ಆಸ್ಪತ್ರೆಗಳೂ ಇನ್ನೂ ಈ ಜಾಲಕ್ಕೆ ಸೇರಿಲ್ಲ. ಆಭಾ ಮಾಡಿಸಿದ ಮಾತ್ರಕ್ಕೆ ಹಳೆಯ ಪೇಪರುಗಳು ತಾವಾಗಿ ಅದರೊಳಗೆ ಬಂದು ಕೂರುವುದೂ ಇಲ್ಲ. ಆದ್ದರಿಂದ ಮೇಲಿನ ಏಳು ಸಂಗತಿಗಳ ಫೋಲ್ಡರ್ ಬೇಕೇ ಬೇಕು. ಆಭಾ ಮಾಡಿಸಿಕೊಡುತ್ತೇನೆ ಎಂದು ಫೋನ್ ಮಾಡಿ ಒಟಿಪಿ ಕೇಳುವವರಿಗೆ ಒಟಿಪಿ ಕೊಡಬೇಡಿ. ಸರ್ಕಾರದ ಆ್ಯಪಿನಲ್ಲಿ ನೀವೇ ಮಾಡಬಹುದು, ಇಲ್ಲವೇ ನಿಮ್ಮ ಆಸ್ಪತ್ರೆಯ ಕೌಂಟರಿನಲ್ಲಿ ಕೇಳಬಹುದು.

*ನಾನು ನೋಡದ ಪುಸ್ತಕ*

ಈಗ ಎರಡನೆಯ ಘಟನೆ. ಇದು ಹೇಳಲು ನನಗೆ ಕಷ್ಟ.

ಅಸಲ್ಫಾದ ಗುಡ್ಡದ ಮೇಲೆ ಮನೆ ಇದ್ದ ಒಬ್ಬ ತಾಯಿ. ಐವತ್ತೈದರ ಆಸುಪಾಸು. ಬಿಪಿಗೆ ನನ್ನ ಬಳಿ ಬರುತ್ತಿದ್ದರು. ಮಗ ಬಿಪಿ ಯಂತ್ರ ತಂದುಕೊಟ್ಟಿದ್ದ. ಅವರು ಮೊಮ್ಮಗಳ ಹಳೆಯ ನೋಟ್‌ಪುಸ್ತಕದಲ್ಲಿ ಗೆರೆ ಎಳೆದು, ದಿನಾ ಬೆಳಿಗ್ಗೆ ಸಂಜೆ ಕನ್ನಡ ಅಂಕಿಯಲ್ಲಿ ಬರೆಯುತ್ತಿದ್ದರು. ಬೆಳಗಿನ ಅಂಕಿ 168, 172, 165. ಸಂಜೆಯದು 136, 134. ನನ್ನ ಕ್ಲಿನಿಕ್ಕಿಗೆ ಅವರು ಬರುತ್ತಿದ್ದುದು ಸಂಜೆ. ನನ್ನ ಯಂತ್ರದಲ್ಲಿ ಸದಾ 134ರ ಆಸುಪಾಸು.

ಒಂದು ದಿನ ಅವರು ಪುಸ್ತಕ ತೆರೆದು ಮೇಜಿನ ಮೇಲಿಟ್ಟರು. ಹೊರಗೆ ಮೂವತ್ತು ಮಂದಿ ಕಾಯುತ್ತಿದ್ದರು. ನಾನು ಪುಸ್ತಕವನ್ನು ಅವರ ಕಡೆಗೆ ಸರಿಸಿ, ಮನೆಯ ಯಂತ್ರ ನಂಬಬೇಡಿ ಅಮ್ಮ, ಸುಮ್ಮನೆ ತಲೆ ಕೆಡಿಸಿಕೊಳ್ಳುತ್ತೀರಿ, ಇಲ್ಲಿ ಸರಿಯಾಗಿಯೇ ಇದೆ ಎಂದೆ. ಅವರು ಪುಸ್ತಕ ಮಡಚಿ ಚೀಲಕ್ಕೆ ಹಾಕಿಕೊಂಡರು. ಮತ್ತೆ ತರಲಿಲ್ಲ. ಅಳೆಯುವುದನ್ನೂ ಬಿಟ್ಟರು. ಡಾಕ್ಟರೇ ಬೇಡ ಎಂದಮೇಲೆ ಯಾಕೆ?

ಏಳು ತಿಂಗಳ ನಂತರ ಒಂದು ಬೆಳಿಗ್ಗೆ ಚಹಾ ಮಾಡುತ್ತಿದ್ದಾಗ ಅವರ ಬಲಗೈ ಸೋತಿತು. ಪಾರ್ಶ್ವವಾಯು.

ಅವರ ಯಂತ್ರ ಸರಿಯಾಗಿಯೇ ಇತ್ತು. ಬೆಳಿಗ್ಗೆ ನುಂಗಿದ ಮಾತ್ರೆಯ ಪ್ರಭಾವ ಮರುದಿನ ಬೆಳಗಿನ ಹೊತ್ತಿಗೆ ಇಳಿದು ಬಿಪಿ ಏರುತ್ತಿತ್ತು. ವೈದ್ಯರ ಎದುರು ಸರಿಯಿದ್ದು ಮನೆಯಲ್ಲಿ ಏರುವ ಇಂಥ ಬಿಪಿಗೆ ನಮ್ಮ ಪುಸ್ತಕಗಳಲ್ಲಿ ಹೆಸರೇ ಇದೆ, ಮರೆಮಾಚಿದ ರಕ್ತದೊತ್ತಡ ಎಂದು. ಓದಿ ಪರೀಕ್ಷೆ ಪಾಸಾದವನು ನಾನು. ನನಗೆ ಗೊತ್ತಿದ್ದುದನ್ನೇ ಆ ತಾಯಿ ಅಂಕಿಗಳಲ್ಲಿ ಬರೆದು ತಂದಿದ್ದರು. ಮಾತ್ರೆಯ ಸಮಯ ಬದಲಿಸಿಯೋ ಇನ್ನೊಂದು ಮಾತ್ರೆ ಸೇರಿಸಿಯೋ ನೋಡಬಹುದಿತ್ತು. ಹಾಗೆ ಮಾಡಿದ್ದರೆ ಪಾರ್ಶ್ವವಾಯು ಖಂಡಿತ ತಪ್ಪುತ್ತಿತ್ತು ಎಂದು ಯಾರೂ ಹೇಳಲಾರರು. ಆದರೆ ಪುಸ್ತಕ ನೋಡಲು ಬೇಕಿದ್ದದ್ದು ಎರಡು ನಿಮಿಷ. ಅದನ್ನು ನಾನು ಕೊಡಲಿಲ್ಲ.

2018ರಲ್ಲಿ ಇಂಗ್ಲೆಂಡಿನ ಒಂದು ಅಧ್ಯಯನದ ಫಲಿತಾಂಶ ಪ್ರಕಟವಾಯಿತು. ಸುಮಾರು 1,180 ಬಿಪಿ ರೋಗಿಗಳನ್ನು ಮೂರು ಗುಂಪು ಮಾಡಿದ್ದರು. ಮೊದಲ ಗುಂಪಿಗೆ ಎಂದಿನಂತೆ ಕ್ಲಿನಿಕ್ಕಿನ ಅಳತೆ ನೋಡಿ ಮದ್ದು. ಎರಡನೆಯ ಗುಂಪಿನವರು ಮನೆಯಲ್ಲಿ ಅಳೆದು ಕಾಗದದಲ್ಲಿ ಬರೆದು ಕಳಿಸಿದರು. ಮೂರನೆಯವರು ಫೋನಿನ ಸಂದೇಶದ ಮೂಲಕ ಕಳಿಸಿದರು. ವೈದ್ಯರು ಆ ಮನೆಯ ಅಂಕಿಗಳನ್ನೇ ನೋಡಿ ಮದ್ದು ಬದಲಿಸಿದರು. ಒಂದು ವರ್ಷದ ನಂತರ ಮೇಲಿನ ಬಿಪಿಯ ಸರಾಸರಿ ಮೊದಲ ಗುಂಪಿನಲ್ಲಿ 140, ಎರಡನೆಯದರಲ್ಲಿ 137, ಮೂರನೆಯದರಲ್ಲಿ 136. ಕಾಗದಕ್ಕೂ ಫೋನಿಗೂ ಹೆಚ್ಚಿನ ವ್ಯತ್ಯಾಸವಿಲ್ಲ. ರೋಗಿ ಅಳೆದದ್ದನ್ನು ವೈದ್ಯರು ನೋಡಿದರೇ, ನೋಡಿ ಏನಾದರೂ ಮಾಡಿದರೇ ಎಂಬುದರಲ್ಲೇ ವ್ಯತ್ಯಾಸ.

ನಮ್ಮ ಹತ್ತಿರದ ಉದಾಹರಣೆಯೂ ಇದೆ. 2017ರ ಕೊನೆಗೆ ಶುರುವಾದ ಭಾರತದ ರಕ್ತದೊತ್ತಡ ನಿಯಂತ್ರಣ ಕಾರ್ಯಕ್ರಮ ಮೊದಲಿಗೆ ಆರಿಸಿಕೊಂಡ ಜಿಲ್ಲೆಗಳಲ್ಲಿ ಊರಿಗೆ ಹೋಗುವ ದಾರಿಯ ಸಿಂಧುದುರ್ಗವೂ ಒಂದು. ಅದರಲ್ಲಿ ಬಳಸುವ ಸಿಂಪಲ್ ಎಂಬ ಆ್ಯಪಿನಲ್ಲಿ ನರ್ಸ್ ಬಿಪಿಯನ್ನೂ ಮದ್ದನ್ನೂ ದಾಖಲಿಸುತ್ತಾರೆ. ಆ ಆ್ಯಪ್ ಮಾಡುವ ದೊಡ್ಡ ಕೆಲಸವೆಂದರೆ ಈ ತಿಂಗಳು ಬರಬೇಕಿದ್ದು ಬಾರದವರ ಪಟ್ಟಿ ಕೊಡುವುದು. ಆಗ ನರ್ಸ್ ಫೋನ್ ಮಾಡಿ ಯಾಕೆ ಬರಲಿಲ್ಲ ಎಂದು ಕೇಳುತ್ತಾರೆ. ಯಂತ್ರ ನೆನಪಿಸುತ್ತದೆ, ಕೇಳುವುದು ಮನುಷ್ಯರೇ.

*ಮನೆಯಲ್ಲಿ ಬಿಪಿ ಅಳೆಯುವ ಸರಿಯಾದ ಕ್ರಮ*

ತೋಳಿಗೆ ಕಟ್ಟುವ ಯಂತ್ರ ಕೊಳ್ಳಿ, ಮಣಿಕಟ್ಟಿನದು ಬೇಡ. ಪಟ್ಟಿ ನಿಮ್ಮ ತೋಳಿನ ಗಾತ್ರಕ್ಕೆ ಹೊಂದಬೇಕು. ಅಳೆಯುವ ಅರ್ಧ ಗಂಟೆ ಮೊದಲು ಚಹಾ, ಕಾಫಿ, ಬೀಡಿ ಸಿಗರೇಟು ಬೇಡ. ಮೂತ್ರ ಮಾಡಿ ಬಂದು, ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೂರಿ ಐದು ನಿಮಿಷ ಸುಮ್ಮನೆ ಕೂತಿರಿ. ತೋಳು ಎದೆಯ ಮಟ್ಟದಲ್ಲಿ ಮೇಜಿನ ಮೇಲಿರಲಿ. ಮಾತು ಬೇಡ, ಟಿವಿ ಧಾರಾವಾಹಿಯೂ ಬೇಡ. ಒಂದು ನಿಮಿಷದ ಅಂತರದಲ್ಲಿ ಎರಡು ಸಲ ಅಳೆದು ಎರಡನ್ನೂ ಬರೆಯಿರಿ.

ವೈದ್ಯರ ಭೇಟಿಗೆ ಮೊದಲಿನ ಏಳು ದಿನ ಬೆಳಿಗ್ಗೆ ಮಾತ್ರೆಗೆ ಮುಂಚೆ ಮತ್ತು ಸಂಜೆ ಹೀಗೆ ಅಳೆಯಿರಿ. ಮೊದಲ ದಿನದ್ದನ್ನು ಬಿಟ್ಟು ಉಳಿದವುಗಳ ಸರಾಸರಿ ತೆಗೆಯಿರಿ. ಮನೆಯ ಸರಾಸರಿ 135/85 ಅಥವಾ ಅದಕ್ಕಿಂತ ಹೆಚ್ಚಿದ್ದರೆ ವೈದ್ಯರಿಗೆ ತಿಳಿಸಿ. ಒಂದು ಅಂಕಿ ಏರಿತೆಂದು ನೀವೇ ಮಾತ್ರೆ ಹೆಚ್ಚಿಸಬೇಡಿ, ಇಳಿಯಿತೆಂದು ನಿಲ್ಲಿಸಲೂಬೇಡಿ. ಭೇಟಿಯ ದಿನ ಪುಸ್ತಕವನ್ನೋ ಫೋನನ್ನೋ ಮೊದಲು ಮೇಜಿನ ಮೇಲಿಟ್ಟು, ಡಾಕ್ಟ್ರೇ, ಇದನ್ನು ನೋಡಿ ಹೇಳಿ ಎನ್ನಿ. ವೈದ್ಯರು ನನ್ನಂತೆ ಪಕ್ಕಕ್ಕೆ ಸರಿಸಿದರೆ ಇನ್ನೊಮ್ಮೆ ಮುಂದಕ್ಕೆ ಸರಿಸಿ.

*ಫೋನ್ ಮಗನ ಕೈಯಲ್ಲಿ, ಹೃದಯ ಅಪ್ಪನ ಎದೆಯಲ್ಲಿ*

ಈಗ ಲ್ಯಾಬಿನ ವರದಿ ನೇರ ಮಗನ ಫೋನಿಗೆ ಬರುತ್ತದೆ. ಮಗ ದುಬೈಯಲ್ಲಿದ್ದರೂ ಸರಿ, ಐರೋಲಿಯಲ್ಲಿದ್ದರೂ ಸರಿ. ಅವನು ನೋಡಿ, ಎಲ್ಲ ನಾರ್ಮಲ್ ಅಪ್ಪಾ ಎನ್ನುತ್ತಾನೆ. ಅಪ್ಪನಿಗೆ ತನ್ನ ಸಕ್ಕರೆ ಎಷ್ಟೆಂದು ಗೊತ್ತಿಲ್ಲ. ಅಮ್ಮನ ಕೈಗಂತೂ ಫೋನೇ ಬರುವುದಿಲ್ಲ. ಮಾತ್ರೆ ನುಂಗಬೇಕಾದವರು, ಮೆಟ್ಟಿಲು ಹತ್ತುವಾಗ ಎದೆ ಬಿಗಿದರೆ ನಿಲ್ಲಬೇಕಾದವರು ಅವರೇ ಅಲ್ಲವೇ?

ವರದಿ ಬಂದಾಗ ಅವರ ಪಕ್ಕದಲ್ಲಿ ಕೂತು, ನಿಮ್ಮ ಮನೆಮಾತಿನಲ್ಲಿ, ಕನ್ನಡವೋ ತುಳುವೋ ಕೊಂಕಣಿಯೋ, ಓದಿ ಹೇಳಿ. ದೂರದಲ್ಲಿದ್ದರೆ ವಾಯ್ಸ್ ಮೆಸೇಜ್ ಕಳಿಸಿ. ಹೇಳಿದ ಮೇಲೆ, ಈಗ ನೀವು ಏನು ಮಾಡಬೇಕು ಹೇಳಿ ನೋಡೋಣ ಎಂದು ಅವರಿಂದಲೇ ಹೇಳಿಸಿ. ನಾನೂ ಈಗ ಹಾಗೆಯೇ ಮಾಡುತ್ತೇನೆ. ಅಕ್ಷರ ಬಾರದ ರೋಗಿಗೆ ಮಾತ್ರೆಯ ವಿವರವನ್ನು ಕನ್ನಡದಲ್ಲಿ ಹೇಳಿ ಅವರ ಫೋನಿನಲ್ಲೇ ರೆಕಾರ್ಡ್ ಮಾಡಿಸಿಕೊಳ್ಳಲು ಬಿಡುತ್ತೇನೆ. ಮನೆಗೆ ಹೋಗಿ ಎರಡು ಸಲ ಕೇಳುತ್ತಾರೆ. ನೀವೂ ನಿಮ್ಮ ವೈದ್ಯರ ಅನುಮತಿ ಕೇಳಿ ಹೀಗೆ ಮಾಡಬಹುದು.

*ಫೋನು ಮಾಡದ ಕೆಲಸಗಳು*

ಎದೆ ನೋವು ಬಂದಾಗ ಯಾವ ವೈದ್ಯರಿಗೂ ಮೆಸೇಜ್ ಹಾಕಿ ಕಾಯಬೇಡಿ. ಎರಡು ನೀಲಿ ಟಿಕ್ ಬಂದರೆ ಚಿಕಿತ್ಸೆ ಆಯಿತೆಂದಲ್ಲ. ಎದೆಯ ಮಧ್ಯ ಒತ್ತಿದಂತೆ ನೋವು, ಎಡಗೈಗೋ ದವಡೆಗೋ ಬೆನ್ನಿಗೋ ಹರಡುವುದು, ತಣ್ಣನೆ ಬೆವರು, ಉಸಿರುಗಟ್ಟುವುದು ಆದರೆ 108ಕ್ಕೆ ಕರೆ ಮಾಡಿ, ಹತ್ತಿರದ ಆಸ್ಪತ್ರೆಗೆ ಹೋಗಿ ಇಸಿಜಿ ತೆಗೆಸಿ. 108 ಮಹಾರಾಷ್ಟ್ರದಲ್ಲೂ ಇದೆ, ಕರ್ನಾಟಕದಲ್ಲೂ ಇದೆ. ದಾರಿಯಲ್ಲಿ ಹೋಗುತ್ತಾ ಮನೆಯವರು ಫೋಲ್ಡರ್ ತೆರೆದಿಡಲಿ.

ಕೈಗಡಿಯಾರದ ಇಸಿಜಿ ಹೃದಯದ ಬಡಿತ ತಾಳ ತಪ್ಪಿರುವುದನ್ನು ತೋರಿಸಬಹುದು. ಹೃದಯಾಘಾತವನ್ನು ತಳ್ಳಿಹಾಕಲು ಅದು ಸಾಲದು, ಆಸ್ಪತ್ರೆಯ ಹನ್ನೆರಡು ಲೀಡಿನ ಇಸಿಜಿಯೇ ಬೇಕು.

ಜೋರಾಗಿ ಕೆಮ್ಮಿದರೆ ಹೃದಯಾಘಾತ ನಿಲ್ಲುತ್ತದೆ ಎಂಬ ಸಂದೇಶ ಇದೇ ವಾಟ್ಸಾಪಿನಲ್ಲಿ ವರ್ಷಗಳಿಂದ ಸುತ್ತುತ್ತಿದೆ. ಅದು ತಪ್ಪು. ಕೆಮ್ಮುತ್ತಾ ಕೂತು ಸಮಯ ಕಳೆಯಬೇಡಿ.

ಅಪ್ಪನ ವರದಿಯನ್ನು ಇನ್ನೂರು ಮಂದಿಯ ಸಮಾಜದ ಗುಂಪಿಗೆ ಹಾಕಿ ಯಾರಾದರೂ ಹೇಳಿ ಎನ್ನಬೇಡಿ. ಹತ್ತು ಸಲಹೆ ಬರುತ್ತವೆ, ಒಂಬತ್ತು ತಪ್ಪಿರುತ್ತವೆ, ಅಪ್ಪನ ಕಾಯಿಲೆ ಮಾತ್ರ ಊರಿಗೆಲ್ಲ ಗೊತ್ತಾಗುತ್ತದೆ. ವರದಿ ವೈದ್ಯರಿಗೆ ಮತ್ತು ಮನೆಯವರಿಗೆ ಮಾತ್ರ.

*ಇವತ್ತು ರಾತ್ರಿ ಹತ್ತು ನಿಮಿಷ*

ಆ ತಾಯಿ ಈಗಲೂ ನನ್ನ ಬಳಿ ಬರುತ್ತಾರೆ. ಬೇರೆ ವೈದ್ಯರನ್ನು ನೋಡಿ ಎಂದು ನಾನೇ ಹೇಳಿದ್ದೆ, ಬಿಡಲಿಲ್ಲ. ಅವರ ಬಲಗೈ ಪೂರ್ತಿ ಬಂದಿಲ್ಲ. ಎಡಗೈಯಲ್ಲಿ ಅಂಕಿ ಬರೆಯಲು ಕಲಿತಿದ್ದಾರೆ. ಅಕ್ಷರ ಸೊಟ್ಟ, ಓದಲು ಬರುತ್ತದೆ. ಮೊಮ್ಮಗಳು ಪ್ರತಿ ಭಾನುವಾರ ಆ ಪುಟದ ಫೋಟೋ ತೆಗೆದು ನನಗೆ ಕಳಿಸುತ್ತಾಳೆ. ಸೋಮವಾರ ಬೆಳಿಗ್ಗೆ ಕ್ಲಿನಿಕ್ಕು ತೆರೆಯುವ ಮುಂಚೆ ನಾನು ಮೊದಲು ನೋಡುವುದು ಅದನ್ನು. ಕಳೆದ ವಾರದ ಬೆಳಗಿನ ಸರಾಸರಿ 128.

ಈ ಲೇಖನ ಓದಿ ಮುಗಿದ ಮೇಲೆ ಮುಂದಿನ ಮೆಸೇಜಿಗೆ ಹೋಗುವ ಮುನ್ನ ಹತ್ತು ನಿಮಿಷ ಕೊಡಿ. ಕಪಾಟು ತೆರೆಯಿರಿ, ಕೀಲಿ ಇನ್ನೂ ಮನೆಯಲ್ಲೇ ಇದೆ. ಹಾಳೆಗಳನ್ನು ಹಗಲಿಗೆಂದು ಮೇಜಿನ ಮೇಲೆ ತೆಗೆದಿಡಿ, ನಾಳೆ ಬೆಳಿಗ್ಗೆ ಬೆಳಕು ಬಂದ ಕೂಡಲೇ ಫೋಟೋ ತೆಗೆಯಿರಿ. ಜಾಗ ಸಾಲದಿದ್ದರೆ ಶುಭೋದಯದ ಹೂವುಗಳನ್ನು ಅಳಿಸಿ.

ಬೇಕಿದ್ದರೆ ಈ ಲೇಖನವನ್ನೂ ಅಳಿಸಿ. ಇಸಿಜಿ ಇರಲಿ.

ನಿಮ್ಮ ಡಾಕ್ಟರು,
ಘಾಟ್ಕೋಪರ್